ಗುರುದೇವಿಯ ಕರಾರು

ಮಲ್ಲು ತೀರಿಕೊಂಡ ಐದನೇ ದಿನ ಅವನ ಅಣ್ಣ ಮೌನಪ್ಪ ಹೈದರಾಬಾದಿನ ಇಮ್ಲಿಬನ್ ಬಸ್ ಸ್ಟ್ಯಾಂಡಿಗೆ ಹೋಗಿ ಸುರಪುರದ ಬಸ್ಸಿಗೆ ಎರಡು ಸೀಟು ಹಿಡಿದು ಬಂದ. ಒಂದು ತನಗೆ, ಒಂದು ತಮ್ಮನ ಹೆಂಡತಿ ಗುರುದೇವಿಗೆ. ಎರಡು ವರ್ಷದ ತಾರಾಳಿಗೆ ಟಿಕೀಟು ಬೇಕಿರಲಿಲ್ಲ.

"ಸಾಮಾನಕ್ಕ ಗಿರಾಕಿ ಸಿಕ್ಕಾನ," ಎಂದ. "ಕೊಟ್ಟು ಊರಿಗೆ ಹೋಗೂಣು. ಗಂಡಸಿಲ್ಲದ ಮನಿ, ಪರದೇಶ. ಇಲ್ಲಿ ಕುಂತು ಏನ್ ಮಾಡ್ತಿ?"

ಮಲ್ಲು ಸೆಂಟ್ರಿಂಗ್ ಮೇಸ್ತ್ರಿಯಾಗಿದ್ದ. ಸ್ಲ್ಯಾಬ್ ಹಾಕುವಾಗ ಹಸಿ ಕಾಂಕ್ರೀಟನ್ನು ಹೊತ್ತು ನಿಲ್ಲುವ ಕಬ್ಬಿಣದ ಪ್ಲೇಟುಗಳು, ಅವಕ್ಕೆ ಆಸರೆಯಾಗುವ ಸರ್ವೆ ಕಂಬಗಳು, ಇವನ್ನು ಏಳು ವರ್ಷ ದುಡಿದು ಒಂದೊಂದಾಗಿ ಕೂಡಿಹಾಕಿದ್ದ. ಸಣ್ಣಪುಟ್ಟ ಮನೆ ಕಟ್ಟುವವರಿಗೆ ಬಾಡಿಗೆಗೆ ಕೊಡುತ್ತಿದ್ದ. ಆದರೆ ಅವನು ಸತ್ತದ್ದು ಬೇರೆಯವರ ಸಾಮಾನಿನಿಂದ. ಕೊಂಡಾಪುರದಲ್ಲಿ ಏಳುತ್ತಿದ್ದ ಕಟ್ಟಡವೊಂದರ ನಾಲ್ಕನೇ ಅಂತಸ್ತಿನಲ್ಲಿ, ಯಾರೋ ಬಾಡಿಗೆಗೆ ಕೊಟ್ಟಿದ್ದ ಗೆದ್ದಲು ಹಿಡಿದ ಹಲಗೆ ಕಾಲ ಕೆಳಗೆ ಮುರಿಯಿತು. ಅದು 1998ನೇ ಇಸವಿ. ಗುರುದೇವಿಗೆ ಆಗ ಇಪ್ಪತ್ತನಾಲ್ಕು.

ಅವಳು ಮಗಳ ತಲೆ ಬಾಚುತ್ತಿದ್ದಳು. ಬಾಚುವುದನ್ನು ನಿಲ್ಲಿಸಲಿಲ್ಲ.

"ಭಾವಾ, ನೀವು ಹೋಗ್ರಿ. ನನ್ನ ಸೀಟಿನ್ಯಾಗ ಕಾಲು ಚಾಚಿಕೊಂಡು ಕುಂದರ್ರಿ."

"ಮಂದಿ ಏನಂದಾರು?"

"ಆ ಹಲಗಿ ಮ್ಯಾಲ ನಿಮ್ಮ ತಮ್ಮ ಕಾಲಿಡುವಾಗ ಮಂದಿ ಏನೂ ಅನ್ನಲಿಲ್ಲಲ್ಲರಿ."

ಮೌನಪ್ಪ ಒಬ್ಬನೇ ಹೋದ. ಊರಿಗೆ ಹೋಗಿ, ತಮ್ಮನ ಹೆಂಡತಿ ಕೈತಪ್ಪಿದಳು ಎಂದು ಹೇಳಿದ. ಆ ಮಾತು ಹೈದರಾಬಾದಿನವರೆಗೂ ಬಂತು. ಮರುದಿನ ಗುರುದೇವಿ ಸುಲ್ತಾನ್ ಬಜಾರಿಗೆ ಹೋಗಿ ಗಂಡಸರ ತುಂಬುತೋಳಿನ ಅಂಗಿ ಎರಡು ಕೊಂಡು, ಸೀರೆಯ ಮೇಲೆ ಹಾಕಿಕೊಂಡು ಕೆಲಸಕ್ಕೆ ನಿಂತಳು.

ಮೊದಲು ಮಾಡಿದ ಕೆಲಸ ನೋಡಿ ನೆರೆಹೊರೆಯವರು ಅವಳಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಕಂಬಗಳನ್ನೆಲ್ಲ ಅಂಗಳದಲ್ಲಿ ಹರವಿ, ಒಂದೊಂದನ್ನೂ ಕಲ್ಲಿನಿಂದ ಬಡಿದು ಸದ್ದು ಕೇಳಿದಳು. ಟೊಳ್ಳು ಸದ್ದು ಬಂದದ್ದನ್ನು ಕೊಡಲಿಯಿಂದ ಸೀಳಿ ಒಲೆಗೆ ಹಾಕಿದಳು. ಗಂಡ ಬಿಟ್ಟುಹೋದ ಆಸ್ತಿಯಲ್ಲಿ ಕಾಲುಭಾಗ ಹಾಗೆ ಉರಿದುಹೋಯಿತು.

ಬಾಡಿಗೆ ಕೇಳಲು ಬಂದ ಮೇಸ್ತ್ರಿಗಳು ಬಾಗಿಲಲ್ಲಿ ನಿಂತು, "ಇಂಟ್ಲೋ ಮಗವಾಳ್ಳು ಲೇರಾ?" ಎನ್ನುತ್ತಿದ್ದರು. ಮನೆಯಲ್ಲಿ ಗಂಡಸರಿಲ್ಲವೇ ಎಂದು. ಗುರುದೇವಿ ತೆಲುಗಿನಲ್ಲೇ, ಸ್ಲ್ಯಾಬು ಹೊರುವುದು ಕಂಬ, ಗಂಡಸಲ್ಲ, ಬೇಕಾದರೆ ಒಯ್ಯಿರಿ ಅನ್ನುತ್ತಿದ್ದಳು. ಕೆಲವರು ತಿರುಗಿ ಹೋದರು. ಒಯ್ದವರು ಮತ್ತೆ ಬಂದರು, ಏಕೆಂದರೆ ಅವಳ ಕಂಬ ಮುರಿಯುತ್ತಿರಲಿಲ್ಲ.

ಅಷ್ಟರಲ್ಲಿ ಕೊಂಡಾಪುರದ ಕಡೆಯ ನೆಲವೇ ಬದಲಾಗತೊಡಗಿತು. ಆನೆಗಾತ್ರದ ಬಂಡೆಗಳು ಸಿಡಿದು, ಕುರಿ ಮೇಯುತ್ತಿದ್ದ ಬಯಲಿನಲ್ಲಿ ಗಾಜಿನ ಕಟ್ಟಡಗಳು ಎದ್ದವು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಬಂದರು, ಅವರಿಗೆ ಮನೆಗಳು ಬೇಕಾದವು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಂಡಹೆಂಡತಿ ಮಕ್ಕಳ ಸಮೇತ ಜನ ಕಟ್ಟುವ ಕೆಲಸಕ್ಕೆ ಬಂದರು. ಎಷ್ಟು ಸೆಂಟ್ರಿಂಗ್ ಸಾಮಾನಿದ್ದರೂ ಸಾಲದ ಕಾಲ ಅದು. ಗುರುದೇವಿ ಸರ್ವೆ ಕಂಬ ಬಿಟ್ಟು ಕಬ್ಬಿಣದ ಜಾಕಿಗಳಿಗೆ ಬಂದಳು. ಬ್ಯಾಂಕಿನ ಮ್ಯಾನೇಜರು ಗಂಡನ ಸಹಿ ಕೇಳಿದಾಗ ಮರಣಪತ್ರ ಮೇಜಿನ ಮೇಲಿಟ್ಟು, "ಇವರ ಸಹಿ ಬೇಕಂದ್ರ ನೀವ ಹೋಗಿ ತರಬೇಕಾಗ್ತೈತ್ರಿ," ಎಂದಳು. ಐದು ವರ್ಷದಲ್ಲಿ ಮೂರು ಲಾರಿಗಳಾದವು, ನಲವತ್ತು ಜನ ಕೆಲಸಕ್ಕಿದ್ದರು. ಅಂಗಿ ಮಾತ್ರ ಸೀರೆಯ ಮೇಲೇ ಇತ್ತು.

2003ರ ಏಪ್ರಿಲಿನಲ್ಲಿ ಆದ ಒಂದು ಘಟನೆಯನ್ನು ಅವಳು ಕೊನೆಯವರೆಗೂ ತನ್ನ ತಪ್ಪೆಂದೇ ಹೇಳುತ್ತಿದ್ದಳು. ಸೈಟೊಂದರಲ್ಲಿ ಅವಳ ಲಾರಿ ಸಾಮಾನು ಇಳಿಸಿ ನಿಂತಿತ್ತು. ಸುತ್ತ ನೆರಳೆಂಬುದಿರಲಿಲ್ಲ. ಇಟ್ಟಿಗೆ ಹೊರುತ್ತಿದ್ದ ಅನ್ನಮ್ಮನ ಮೂರು ವರ್ಷದ ಮಗಳು ತೆವಳಿ ಹೋಗಿ ಲಾರಿಯ ಕೆಳಗಿನ ನೆರಳಿನಲ್ಲಿ ಮಲಗಿದ್ದಳು. ಡ್ರೈವರ್ ಸಿದ್ದರಾಮಪ್ಪ ಗಾಡಿ ಹಿಂದಕ್ಕೆ ತೆಗೆದ.

ಮಗು ಉಳಿಯಿತು, ಎಡಗಾಲಿನ ಬೆರಳುಗಳು ಹೋದವು. ಗುರುದೇವಿ ಒಂಬತ್ತು ದಿನ ಆಸ್ಪತ್ರೆಯ ವರಾಂಡದಲ್ಲಿ ಅನ್ನಮ್ಮನ ಪಕ್ಕದಲ್ಲೇ ಕೂತಳು. ಸಿದ್ದರಾಮಪ್ಪ ಬಂದು ಕಾಲಿಗೆ ಬೀಳಹೋದ.

"ನಿಂದೇನು ತಪ್ಪೋ," ಎಂದಳು. "ಕೂಸಿಗೆ ನಿನ್ನ ಗಾಡಿ ಬಿಟ್ಟರ ಬ್ಯಾರೆ ನೆಳ್ಳಿರಲಿಲ್ಲ. ನಾನೂ ತಾರಾನ್ನ ಕಂಬಕ್ಕ ಸೀರಿಲೆ ಕಟ್ಟಿ ಕಲ್ಲು ಹೊತ್ತಾಕಿ. ಮ್ಯಾಲ ಬಂದ ಕೂಡಲೆ ಮರತೆ."

ಆ ತಿಂಗಳಿಂದ ಅವಳ ಬಾಡಿಗೆ ಕಾಗದದಲ್ಲಿ ಒಂದು ಸಾಲು ಹೆಚ್ಚಾಯಿತು. ಕೆಲಸದವರ ಮಕ್ಕಳಿಗೆ ನೆರಳಿನ ಶೆಡ್ಡು ಇಲ್ಲದ ಸೈಟಿಗೆ ಸಾಮಾನು ಕೊಡುವುದಿಲ್ಲ. ಜಾಗ, ನೀರು ಬಿಲ್ಡರ್ ಕೊಡಬೇಕು. ತಗಡು, ತೊಟ್ಟಿಲು, ಹಾಲು, ನೋಡಿಕೊಳ್ಳುವ ಹೆಂಗಸಿನ ಸಂಬಳ ಗುರುದೇವಿಯದು. ಮೊದಲ ಶೆಡ್ಡಿಗೆ ಅನ್ನಮ್ಮನನ್ನೇ ಇಟ್ಟಳು. ಟಿ.ಸಿ.ಎಚ್. ಮಾಡಿ ಮನೆಯಲ್ಲಿ ಕೂತಿದ್ದ ವಿಜಯಶ್ರೀ ಎಂಬ ಹುಡುಗಿ ದೊಡ್ಡ ಮಕ್ಕಳಿಗೆ ಅಕ್ಷರ ಕಲಿಸಲು ಬಂದಳು. ಬೆಳಿಗ್ಗೆ ಕನ್ನಡ, ಮಧ್ಯಾಹ್ನ ತೆಲುಗು. ಎಲ್ಲಿಗೆ ಹೋದರೂ ಒಂದು ಭಾಷೆಯ ಬೋರ್ಡಾದರೂ ಓದಿಕೊಳ್ಳಲಿ ಎಂಬುದು ಗುರುದೇವಿಯ ಲೆಕ್ಕ. ಅವಳಿಗೆ ಸ್ವತಃ ಎರಡೂ ಓದಲು ಬರುತ್ತಿರಲಿಲ್ಲ.

ಬಿಲ್ಡರುಗಳು ನಕ್ಕರು, ಗೊಣಗಿದರು, ಸಾಮಾನಿನ ಅವಸರಕ್ಕೆ ಒಪ್ಪಿಕೊಂಡರು. ಮೂರು ವರ್ಷದಲ್ಲಿ ಆರು ಶೆಡ್ಡುಗಳಾದವು.

ಒಪ್ಪಿದಂತೆ ಮಾಡಿ ತಪ್ಪಿದವರು ವೈಜನಾಥ. ಬೀದರ್ ಕಡೆಯವರು, ದೊಡ್ಡ ಬಿಲ್ಡರು. ಗುರುದೇವಿಯ ಸಾಮಾನಿನಲ್ಲಿ ಅರ್ಧದಷ್ಟು ಅವರ ಸೈಟಿನಲ್ಲೇ ಇತ್ತು. 2006ರಲ್ಲಿ ಅಮೆರಿಕದಿಂದ ಫ್ಲಾಟು ಕೊಳ್ಳುವವರು ನೋಡಲು ಬರುತ್ತಾರೆಂದು ಗೇಟಿನ ಬದಿಯ ಶೆಡ್ಡನ್ನು ಒಂದು ಮುಂಜಾನೆ ಕೀಳಿಸಿ, ಆ ಜಾಗದಲ್ಲಿ ಹುಲ್ಲುಹಾಸು ಹಾಸಿಸಿದರು. ಇಪ್ಪತ್ತಮೂರು ಮಕ್ಕಳು ಜಲ್ಲಿ ರಾಶಿಯ ಮೇಲೆ ಕೂತಿದ್ದರು. ವಿಜಯಶ್ರೀ ಫೋನು ಮಾಡಿದಳು. ಗುರುದೇವಿ ಮೂರೂ ಲಾರಿ ತಗೊಂಡು ಬಂದಳು.

ವೈಜನಾಥರು ಆಫೀಸಿನಿಂದ ಹೊರಗೆ ಬಂದರು. "ಬರ್ರಿ ಬಾಯಿ, ಚಾ ಕುಡೀರಿ. ನಾವೂ ನೀವೂ ಒಂದ ಸೀಮಿ ಮಂದಿ. ನಾಕು ದಿನದ ಮಾತದ. ಆಮ್ಯಾಲ ಹಿಂದಿನ ಕಡಿ ಎಲ್ಲಾರ ಹಾಕ್ಸಿ ಕೊಡ್ತೀನಿ."

"ನಾಕು ದಿನ ನಿಮ್ಮ ಮೊಮ್ಮಕ್ಕಳನ್ನ ಆ ಜಲ್ಲಿ ಮ್ಯಾಲ ಕುಂದರಸ್ತೀರೇನ್ರಿ?"

ಅವರ ಮುಖ ಬಿಗಿಯಿತು. "ಮಾತು ನೋಡಿ ಆಡ್ರಿ."

"ನೋಡೇ ಆಡಾಕತ್ತೀನ್ರಿ. ಕಾಗದದಾಗ ಬರದೈತಿ, ನಿಮ್ಮ ಸಹಿ ಐತಿ." ಆಳುಗಳ ಕಡೆ ತಿರುಗಿದಳು. "ಎಲ್ಲಾ ಲಾರಿಗೆ ಏರಸ್ರಿ. ಐದನೇ ಅಂತಸ್ತಿನ ಸ್ಲ್ಯಾಬ್ ಹಸಿ ಐತಿ, ಅದರ ಕೆಳಗಿನ ಜಾಕಿ ಒಂದೂ ಮುಟ್ಟಬ್ಯಾಡ್ರಿ. ಮ್ಯಾಲ ನಮ್ಮ ಮಂದಿ ಕೆಲಸ ಮಾಡಾಕತ್ತಾರ. ಅದು ಗಟ್ಟಿ ಆದಮ್ಯಾಲ ಒಯ್ಯೂಣು."

"ಇವತ್ತು ಸಾಮಾನು ಎತ್ತಿದ್ರ," ಎಂದರು ವೈಜನಾಥರು ನಿಧಾನವಾಗಿ, "ಈ ಹೈದರಾಬಾದಿನ್ಯಾಗ ನಿಮಗ ಯಾರೂ ಕೆಲಸ ಕೊಡಂಗಿಲ್ಲ ನೋಡ್ರಿ."

"ಗಂಡ ಸತ್ತಾಗೂ ಹಿಂಗ ಅಂದಿದ್ರು," ಎಂದು ಗುರುದೇವಿ ಅಂಗಿಯ ತೋಳು ಮಡಚಿ ತಾನೂ ಪ್ಲೇಟು ಎತ್ತಿದಳು.

ವೈಜನಾಥರು ಹೇಳಿದಂತೆ ಮಾಡಿದರು. ಒಂದೇ ವಾರದಲ್ಲಿ ಇನ್ನೂ ಮೂವರು ಬಿಲ್ಡರುಗಳು ಅವಳ ಸಾಮಾನು ವಾಪಸು ಕಳಿಸಿದರು. ಅವಳು ಸಾಮಾನು ಇಡುತ್ತಿದ್ದ ಯಾರ್ಡಿನಲ್ಲಿ ಪ್ಲೇಟುಗಳು ಆಳೆತ್ತರ ಪೇರಿಸಿಕೊಂಡು ಮಳೆಗೆ ತುಕ್ಕು ಹಿಡಿದವು. ಎರಡು ಲಾರಿ ಮಾರಿದಳು. ಹದಿನೈದು ಜನರನ್ನು ಕೆಲಸದಿಂದ ಬಿಡಿಸಬೇಕಾಯಿತು. ಆ ದಿನ ಅವಳು ಊಟ ಮಾಡಲಿಲ್ಲ ಎಂದು ತಾರಾ ಹೇಳುತ್ತಾಳೆ. ಆ ಸಾಲೊಂದನ್ನು ಕಾಗದದಿಂದ ಹೊಡೆದುಹಾಕಿಬಿಡು ಎಂದು ಹಿತವರೇ ಹೇಳಿದರು. ಗುರುದೇವಿ ಉಳಿದ ಶೆಡ್ಡುಗಳಿಗೆ ಹಾಲು ಕಳಿಸುತ್ತಲೇ ಇದ್ದಳು. ವೈಜನಾಥರ ಸೈಟಿನ ಇಪ್ಪತ್ತಮೂರು ಮಕ್ಕಳನ್ನು ತನ್ನ ಯಾರ್ಡಿನಲ್ಲೇ, ಪ್ಲೇಟುಗಳ ರಾಶಿಗಳ ನಡುವೆ ತಗಡು ಹೊದಿಸಿ ಕೂರಿಸಿಕೊಂಡಳು.

ಆದರೆ ಆ ವರ್ಷ ಹೈದರಾಬಾದಿನಲ್ಲಿ ಕಟ್ಟಡಗಳು ಹೆಚ್ಚು, ಆಳುಗಳಿಗೆ ಬರ. ದೀಪಾವಳಿಗೆ ಊರಿಗೆ ಹೋಗಿದ್ದ ಜನ ತಿರುಗಿ ಬಂದಾಗ, ಕರೆಯಲು ಬಂದ ಮೇಸ್ತ್ರಿಗೆ ಹೆಂಗಸರು ಕೂಲಿಗಿಂತ ಮೊದಲು ಒಂದು ಮಾತು ಕೇಳತೊಡಗಿದರು: "ಶೆಡ್ಡೈತೇನ್ರಿ?" ಇಲ್ಲವೆಂದರೆ ಗಂಟು ಎತ್ತಿಕೊಂಡು ಮುಂದಿನ ಸೈಟಿಗೆ ಹೋದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಗುರುದೇವಿಯೂ ಸಹ. ವೈಜನಾಥರ ಕಟ್ಟಡ ಆಳಿಲ್ಲದೆ ಏಳನೇ ಅಂತಸ್ತಿಗೆ ನಿಂತಿತು.

ಸಾಮಾನು ಎತ್ತಿದ ಎಂಟು ತಿಂಗಳ ಮೇಲೆ ಅವರ ಸೂಪರ್‌ವೈಸರ್ ಮೋಹನ ಯಾರ್ಡಿಗೆ ಬಂದ. ಕ್ಷಮೆಯ ಮಾತೇನೂ ತರಲಿಲ್ಲ. ಸಾಮಾನಿನ ಪಟ್ಟಿ ತಂದಿದ್ದ, ಶೆಡ್ಡಿಗೆ ಜಾಗ ತೋರಿಸುತ್ತೇವೆ ಎಂದ. ಗುರುದೇವಿ ಪಟ್ಟಿ ಮುಟ್ಟದೆ, ಮೊದಲು ಜಾಗ ನೋಡುತ್ತೇನೆ ಎಂದು ಹೊರಟಳು.

ಅವನು ತೋರಿಸಿದ್ದು ಜನರೇಟರಿನ ಹಿಂದೆ.

"ಇಲ್ಲಿ ಕೂಸುಗಳು ಹೊಗಿ ಕುಡೀಬೇಕೇನು?" ಎಂದು ಸುತ್ತ ನೋಡಿದಳು. ಕಾಂಪೌಂಡಿನ ಒಳಗೆ ಕಡಿಯದೆ ಉಳಿದದ್ದು ಒಂದೇ ಬೇವಿನ ಮರ. "ಅಕಾ ಅಲ್ಲಿ, ಅದರ ಕೆಳಗ ಹಾಕ್ಸ್ರಿ."

ಮೋಹನ ತಡವರಿಸಿದ. "ಅಲ್ಲಿ ಸಾಹೇಬ್ರ ಕಾರು ನಿಲ್ತದ್ರಿ."

"ಕಾರು ಬಿಸಲಾಗ ನಿಲ್ಲಲಿ. ಅದಕ್ಕೇನು ನೆತ್ತಿ ಸುಡಂಗಿಲ್ಲ," ಎಂದಳು ಗುರುದೇವಿ. "ಹೋಗಿ ಕೇಳಿ ಬಾ. ನಾ ಇಲ್ಲೇ ಕುಂತಿರ್ತೀನಿ."

ಅವನು ಆಫೀಸಿನ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಆಮೇಲೆ ಸಾಹೇಬರ ಡ್ರೈವರ್ ಬಂದು, ಯಾರ ಮುಖವನ್ನೂ ನೋಡದೆ, ಕಾರನ್ನು ಬಿಸಿಲಿಗೆ ತೆಗೆದು ನಿಲ್ಲಿಸಿದ.