ಕಸ ಕಡೇಗೆ

ಎರಡು ವರ್ಷ ಇಟ್ಟಿಗೆ ಹೊತ್ತು ನನ್ನ ಸೊಂಟ ಬಿದ್ದುಹೋಗಿತ್ತು. ಹಾಗಾಗಿ ಹೆಬ್ಬಗೋಡಿಯ ಬಾಡಿಗೆ ಕೋಣೆಯಿಂದ ಎರಡು ಬಸ್ ಬದಲಿಸಿ, ನಗರದ ನಡುವಿನ ಆ ಎತ್ತರದ ಹೋಟೆಲಿಗೆ ಕೆಲಸಕ್ಕೆ ಬಂದೆ. ಒಂದು ವಾರ ನೋಡುತ್ತೇವೆ, ಕೈ ಚುರುಕಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದಿದ್ದರು.

ಹದಿನೆಂಟನೆಯ ಮಹಡಿಯಲ್ಲಿ ಅತಿಥಿಗಳು ಖಾಲಿ ಮಾಡಿದ ಕೋಣೆಗಳನ್ನು ಸಜ್ಜು ಮಾಡುವುದು ನನ್ನ ಪಾಲಿಗೆ ಬಂತು. ನನಗೋ ಮೊದಲಿನಿಂದಲೂ ಕೆದಕುವ ಬುದ್ಧಿ. ಇವರು ಯಾರು, ಎಲ್ಲಿಗೆ ಹೊರಟರು, ಒಬ್ಬರೇ ಮಲಗಲು ನಾಲ್ಕು ದಿಂಬೇಕೆ? ತಿಳಿಯದೆ ಸಮಾಧಾನವಿಲ್ಲ. ಆದರೆ ತೊಡಕು ಬೇರೆಯೇ ಇತ್ತು. ನಮ್ಮ ಕಡೆ ಯಾರಾದರೂ ಪ್ರಯಾಣ ಹೊರಟರೆ ಅವರ ಬೆನ್ನಿಗೇ ಕಸ ಗುಡಿಸುವುದಿಲ್ಲ, ಹೋದವರಿಗೆ ಕೇಡು. ಇಲ್ಲಿ ಅವರು ಬಾಗಿಲು ದಾಟಿದ ಕೂಡಲೇ ಗುಡಿಸಬೇಕು. ಕಾರ್ಪೆಟ್ಟಿಗೆ ಕಸ ಎಳೆಯುವ ಮೆಷಿನ್ ಹಿಡಿದರೆ ಅದೂ ಗುಡಿಸಿದಂತೆಯೇ? ಅವ್ವನಿಗೆ ಫೋನ್ ಮಾಡಿ ಕೇಳಿದೆ.

"ಕಸಬರಿಗಿ ಆದ್ರೇನು, ಮಷಿನ್ ಆದ್ರೇನು, ಕಸಾ ತೆಗಿಯೂದ ಅಲ್ಲೇನು?" ಎಂದಳು.

ಮೂರನೆಯ ದಿನ ಒಬ್ಬ ಅಜ್ಜಿ ಕೋಣೆ ಬಿಟ್ಟರು. ಎಲ್ಲಿಗೆ ಎಂದು ಕೇಳಿಯೇಬಿಟ್ಟೆ. ಹೃದಯದ ಆಪರೇಷನ್ನಿಗೆ ಎಂದರು. ನನಗೆ ಕೈಯೇ ಏಳಲಿಲ್ಲ. ಕಿಟಕಿಗೆ ಹಣೆಯೊತ್ತಿ, ಅವರ ಕಾರು ಗೇಟು ದಾಟುವುದನ್ನೇ ಕಾಯುತ್ತಾ ನಿಂತೆ. ಅಷ್ಟರಲ್ಲಿ ಸೂಪರ್‌ವೈಸರ್ ಮೇಡಂ ಬಂದರು. ಸಿಂಗಸಂದ್ರದ ಹಳೆಯ ಒಕ್ಕಲು ಮನೆಯವರು, ಬಾಯಿ ಜೋರು.

"ಏನಮ್ಮಾ, ಸಿಟಿ ನೋಡೋಕ್ ಬಂದಿದ್ದೀಯಾ?"

ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವರು ಮೆಷಿನ್ನಿನ ಪ್ಲಗ್ ಕಿತ್ತರು.

"ಅದಕ್ಯಾಕೆ ಕೈ ಕಟ್ಕೊಂಡ್ ನಿಂತ್ಕೋತೀಯಾ? ಮೊದ್ಲು ಬಾತ್‌ರೂಮ್ ತೊಳಿ, ಆಮೇಲೆ ಬೆಡ್‌ಶೀಟ್. ಕಸ ಕಡೇಗೆ. ಅಷ್ಟೊತ್ಗೆ ಅವ್ರು ಎರಡು ಸಿಗ್ನಲ್ ದಾಟಿರ್ತಾರೆ. ನಾನು ಹನ್ನೆರಡು ವರ್ಷದಿಂದ ಅಂಗೇ ಮಾಡ್ತಿರೋದು."

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಆಮೇಲೆ ನಾನೂ ಹಾಗೆಯೇ ಮಾಡಿದೆ, ಒಂದು ಕೋಣೆಯೂ ತಡವಾಗಲಿಲ್ಲ.

ವಾರ ಮುಗಿದ ದಿನ ಕೆಳಗಿನ ಆಫೀಸಿಗೆ ಬರಹೇಳಿದರು. ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ತಿಳಿಯದು. ಅಂದು ಆಳು ಕಡಿಮೆಯಿದ್ದು ಮೇಡಂ ತಾವೇ ಕಾರಿಡಾರಿನಲ್ಲಿ ಮೆಷಿನ್ ಓಡಿಸುತ್ತಿದ್ದರು. ನಾನು ಲಿಫ್ಟಿನ ಕಡೆ ಹೊರಟದ್ದು ಕಂಡು ಅದನ್ನು ಆಫ್ ಮಾಡಿದರು.

ಕೆಳಗೆ, ನಾಳೆಯಿಂದ ಖಾಯಂ ಎಂದರು. ಹೇಳೋಣವೆಂದು ಓಡಿ ಮೇಲೆ ಬಂದರೆ ಮೇಡಂ ಟವೆಲ್ ಮಡಚುತ್ತಿದ್ದರು. ಮೆಷಿನ್ ಇಟ್ಟಲ್ಲೇ ಇತ್ತು. ಲಿಫ್ಟಿನವರೆಗಿನ ಕಾರ್ಪೆಟ್ಟಿನ ಮೇಲೆ, ಹೋಗುವಾಗಿನ ನನ್ನ ಹೆಜ್ಜೆಗಳು ಹಾಗೇ ಉಳಿದಿದ್ದವು.