ಫಿದೆನ್ಸಿಯಾ ಕಡೆದ ಕೊಂಬು

ಚೋಲುಲಾ ಊರಿನ ಫಿದೆನ್ಸಿಯಾ ಕ್ವಾವ್ತ್ಲೆ ಹದಿನೆಂಟು ವರ್ಷ ಒಂದು ಪ್ರಯೋಗಾಲಯದಲ್ಲಿ ಲೋಹ ಕಡೆಯುವ ಲೇತ್ ಮುಂದೆ ನಿಂತವಳು. ಮೈಯಿಂದ ತಾನಾಗಿ ಹೊಮ್ಮುವ ಕಾವನ್ನು ಬಟ್ಟೆ ದಾಟಿ ಹಿಡಿದು, ಒಳಗೆ ಬಚ್ಚಿಟ್ಟದ್ದನ್ನು ಚಿತ್ರದಲ್ಲಿ ತೋರಿಸುವ ಯಂತ್ರಕ್ಕೆ ಅವಳು ಕೊಂಬಿನಾಕಾರದ ಆಂಟೆನಾ ಕಡೆಯುತ್ತಿದ್ದಳು. ಬೆರಳುದ್ದದ ಹಿತ್ತಾಳೆ ಕೊಂಬು, ಒಳಗೆಲ್ಲ ಕೂದಲೆಳೆಯಂಥ ಗೀರು. ಕೊಂಬಿನ ನಕ್ಷೆಯೂ ಗೀರುಗಳ ಲೆಕ್ಕವೂ ಅವಳದೇ. ಭಾನುವಾರಗಳಂದು ಗಣಿತ ಕಲಿತು ಹಾಕಿದ್ದು.

ಮುಖ್ಯಸ್ಥ ಡಾಕ್ಟರ್ ಬಲ್ತಸಾರ್ ಲೆದೆಸ್ಮಾ ಆ ನಕ್ಷೆಗೆ ತನ್ನ ಹೆಸರಲ್ಲಿ ಪೇಟೆಂಟ್ ಪಡೆದ. ಅವಳು ಕೇಳಿದ್ದಕ್ಕೆ ಎಲ್ಲರೆದುರು ನಕ್ಕ. "ಲೋಹ ಕೆರೆಯೋಳು ನೀನು. ಆಂಟೆನಾ ಅಂದ್ರೇನು ಗೊತ್ತಾ ನಿಂಗೆ?" ತಿಂಗಳೊಳಗೆ ಕೆಲಸದಿಂದಲೂ ಕಿತ್ತುಹಾಕಿದ.

ಫಿದೆನ್ಸಿಯಾ ತನ್ನ ನೋಟುಪುಸ್ತಕಗಳನ್ನು ಎತ್ತಿಕೊಂಡು ಮನೆಗೆ ಹೋದಳು. ಅವನು ಕದ್ದದ್ದು ಹಳೇ ನಕ್ಷೆ. ಅದರಲ್ಲಿ ಗೀರುಗಳೆಲ್ಲ ಒಂದೇ ಆಳ; ಹಾಗಿದ್ದರೆ ಆಂಟೆನಾ ಎದುರಿನ ಕಾವಿನ ಜೊತೆಗೆ ಪಕ್ಕದ ಕಾವನ್ನೂ ಹೀರುತ್ತದೆ. ತಿದ್ದಿದ ನಕ್ಷೆ ಅವಳ ಮನೆಯಲ್ಲಿತ್ತು.

ಆರು ವರ್ಷದಲ್ಲಿ ಅವಳು ಇಂಜಿನಿಯರ್ ಆದಳು. ಬಂದರಿಗೆ ಕೊಳ್ಳುವ ಯಂತ್ರಗಳನ್ನು ಪರೀಕ್ಷಿಸುವ ಕೆಲಸ ಹಿಡಿದಳು. ತನ್ನ ಯಂತ್ರ ಮಾರಲು ಲೆದೆಸ್ಮಾ ಹಾಕಿದ ಅರ್ಜಿ ಅವಳ ಮೇಜಿಗೆ ಬಂದ ದಿನ ಮೋಲೆ ಎಂಬ ಹಬ್ಬದ ಗೊಜ್ಜಿನೂಟ ಎರಡು ತಟ್ಟೆ ಉಂಡಳು.

ಪರೀಕ್ಷೆಯಲ್ಲಿ ಅಂಗಿಯೊಳಗೆ ತಗಡು ಇಟ್ಟುಕೊಂಡವನೊಬ್ಬ ನಿಂತ. ಪರದೆಯಲ್ಲಿ ತಗಡು ಕಪ್ಪಗೆ ಮೂಡಿತು. ಲೆದೆಸ್ಮಾ ಮೀಸೆ ತೀಡಿದ.

"ಬಂದರಲ್ಲಿ ಜನ ಒಬ್ಬೊಬ್ಬರೇ ಬರಲ್ಲ ಡಾಕ್ಟ್ರೇ," ಎಂದು ಫಿದೆನ್ಸಿಯಾ ಕ್ಯಾಂಟೀನಿನಿಂದ ಬಿಸಿ ಪೊಸೋಲೆ ಸಾರಿನ ಮಣ್ಣಿನ ಮಡಕೆ ತರಿಸಿ ತಗಡಿನವನ ಪಕ್ಕಕ್ಕಿಟ್ಟಳು. ಪರದೆ ಬೆಳ್ಳಗೆ ಕಲಸಿಹೋಯಿತು. ತಗಡು ಮಾಯ.

"ನಿಮ್ಮದೇ ನಕ್ಷೆ ಅಲ್ವಾ? ಕೊಂಬಿನ ಗಂಟಲು, ಆ ಕಿರಿದಾದ ತುದಿ ಹತ್ರದ ಗೀರು ಎಷ್ಟು ಆಳ ಇರ್ಬೇಕಿತ್ತು, ಹೇಳಿ."

ಅವನು ಕಾಗದ ತಿರುವಿದ.

"ಬಾಯಿ ಹತ್ರ ಇರೋದರ ಎರಡರಷ್ಟು. ಲೋಹ ಕೆರೆಯೋರಿಗೂ ಗೊತ್ತಿರುತ್ತೆ," ಎಂದಳು ಅವಳೇ.

ಹೊರಗೆ ಅವನು ಅಡ್ಡ ಬಂದು ಮರ್ಯಾದೆ ಕೊಟ್ಟು ಕರೆದ. "ದೋನ್ಯಾ ಫಿದೆನ್ಸಿಯಾ, ಒಂದು ವಾರದಲ್ಲಿ ನೀವೇ ಸರಿಮಾಡ್ಕೊಡಿ. ಪೇಟೆಂಟಿಗೆ ಇಬ್ರ ಹೆಸರೂ ಹಾಕ್ಸೋಣ."

"ವಾರ ಯಾಕೆ? ಒಂದು ಮಧ್ಯಾಹ್ನ ಸಾಕು. ಆದ್ರೆ ಮಾಡ್ಕೊಡಲ್ಲ."

ಯಂತ್ರವನ್ನು ತಿರಸ್ಕರಿಸಿದಳು. ತಾರೀಖು ಹಾಕಿದ್ದ ತನ್ನ ನೋಟುಪುಸ್ತಕಗಳನ್ನು ಪೇಟೆಂಟ್ ಕಚೇರಿಗೆ ಕಳಿಸಿದಳು. ವರ್ಷದೊಳಗೆ ಪೇಟೆಂಟಿನಿಂದ ಅವನ ಹೆಸರು ಅಳಿಸಿಹೋಯಿತು, ಪ್ರಯೋಗಾಲಯ ಮುಚ್ಚಿತು. ಜೊತೆಗೆ ಲೇತಿನವರ ಕೆಲಸವೂ ಹೋಯಿತು.

ಅವರಲ್ಲೊಬ್ಬ, ಹಳೆಯ ಗೆಳೆಯ ನಿಕನೋರ್, ಮನೆಗೇ ಬಂದು ಕೂಗಾಡಿದ: "ಅವನ ಸೊಕ್ಕು ಮುರಿಯೋಕೆ ನಮ್ಮ ಹೊಟ್ಟೆಗೆ ಹೊಡೆದ್ಯಲ್ಲೇ!"

"ಅವತ್ತು ಅವನು ನಕ್ಕಾಗ ನೀನೂ ನಕ್ಕಿದ್ದೆ ನಿಕನೋರ್," ಎಂದು ಫಿದೆನ್ಸಿಯಾ ಬಾಗಿಲು ಹಾಕಿಕೊಂಡಳು.