ದವನದ ಒಲೆ ಕಾಯುವ ಮುನಿಶಾಮಮ್ಮ

ಗಂಗುಲಪ್ಪ ತೀರಿಕೊಂಡ ಸುದ್ದಿ ಬಂದಾಗ ಮುನಿಶಾಮಮ್ಮನ ಹಂಡೆ ಆಗತಾನೇ ಕುದಿಗೆ ಬಂದಿತ್ತು. ಇನ್ನೂ ಬೆಳಕು ಹರಿದಿರಲಿಲ್ಲ. ಫೋನಿನಲ್ಲಿ ಗಂಗುಲಪ್ಪನ ಮಗಳು ತನುಜ: "ಅತ್ತೆ, ಅಪ್ಪ ಹೋಗ್ಬಿಟ್ರು. ಮಧ್ಯಾಹ್ನಕ್ಕೇ ಮಣ್ಣು ಮಾಡ್ತಾರಂತೆ. ಬೇಗ ಬಂದ್ಬಿಡು."

ಕುಡುಮಲಕುಂಟೆಯ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಆ ಚಿಕ್ಕ ಅತ್ತರಿನ ಶೆಡ್ಡು. ಅಲ್ಲಿ ಒಲೆ ನೋಡಬಲ್ಲವರು ಇದ್ದದ್ದು ಇಬ್ಬರೇ. ಒಬ್ಬಳು ಮುನಿಶಾಮಮ್ಮ. ಇನ್ನೊಬ್ಬ ಗಂಗುಲಪ್ಪ.

ಈಗಲೂ ಆಕೆಯ ದಿನ ಶುರುವಾಗುವುದು ನಸುಕಿನಲ್ಲೇ. ಸಾದಲಿ ಕಡೆಯಿಂದ ಬಂದ ದವನವನ್ನು ನೆರಳಿನಲ್ಲಿ ಬಾಡಿಸಿ, ತಾಮ್ರದ ಹಂಡೆಗೆ ತುಂಬಿ, ನೀರು ಹೊಯ್ದು, ಮುಚ್ಚಳದ ಸುತ್ತ ಜೇಡಿಮಣ್ಣು ಮೆತ್ತುತ್ತಾಳೆ. ಆವಿ ಬಿದಿರಿನ ಕೊಳವೆ ಹಾದು, ತಣ್ಣೀರ ತೊಟ್ಟಿಯಲ್ಲಿ ಕೂತ ಬಿಂದಿಗೆಗೆ ಇಳಿಯುತ್ತದೆ. ಬಿಂದಿಗೆಯಲ್ಲಿರುವುದು ಶ್ರೀಗಂಧದ ಎಣ್ಣೆ. ದವನದ ಪರಿಮಳ ಹಾರಿಹೋಗದಂತೆ ಹಿಡಿದಿಡುವುದು ಅದೇ. ದವನದ ಕಾಲ ಮುಗಿಯುವವರೆಗೆ ದಿನವೂ ಅದೇ ಎಣ್ಣೆಗೆ ಹೊಸ ಆವಿ.

ಹರೆಯದಲ್ಲಿ ಆಕೆ ಇಲ್ಲಿಗೆ ಬಂದದ್ದು ಸೌದೆ ಹೊರಲು. "ಹೊಗೆಗೆ ಕಣ್ಣಲ್ಲಿ ನೀರು ಸುರಿಯೋದು. ಯಾಕಮ್ಮ, ತವರು ನೆನಪಾಯ್ತಾ ಅಂತ ಅಣ್ಣ ರೇಗಿಸೋರು," ಎಂದು ನಗುತ್ತಾಳೆ. ಗಂಗುಲಪ್ಪನನ್ನು ಆಕೆ ಕರೆಯುತ್ತಿದ್ದದ್ದು ಅಣ್ಣ ಎಂದೇ. ಒಂದು ದಿನ ಗಂಗುಲಪ್ಪ ಆಕೆಯ ಅಂಗೈಯನ್ನು ಬಿಂದಿಗೆಗೆ ಒತ್ತಿ ಹಿಡಿದು, "ಈ ಬಿಸಿ ನೆನಪಿಟ್ಕೋ. ಇದಕ್ಕಿಂತ ಏರಬಾರದು," ಎಂದನಂತೆ. ವಿದ್ಯೆ ಶುರುವಾದದ್ದು ಹಾಗೆ. ಒಲೆಯ ಮುಂದೆ ಕೂತು ಇಬ್ಬರೂ ಮುದ್ದೆ ಮುರಿಯುತ್ತಿದ್ದದ್ದು, ಆತ ಹಂಡೆಗೆ ಕಿವಿಯಿಟ್ಟು ಭಜನೆ ಗುನುಗುತ್ತಿದ್ದದ್ದು ಆಕೆಗೆ ನಿನ್ನೆ ಮೊನ್ನೆಯಂತಿದೆ. ಆಕೆಯ ಮೊಣಕೈವರೆಗೂ ಆವಿ ಸುಟ್ಟ ಕಲೆಗಳಿವೆ. ಕೆಮ್ಮು ಬಿಟ್ಟಿಲ್ಲ.

"ಶ್ರೀಗಂಧ ಸಾಧು ಕಣಮ್ಮ ಅನ್ನೋರು ಅಣ್ಣ. ಏನು ಕೊಟ್ರೂ ಬೇಡ ಅನ್ನಲ್ಲ. ಸೀದ ವಾಸನೆ ಕೊಟ್ರೆ ಅದನ್ನೂ ಇಟ್ಕೊಂಬಿಡುತ್ತೆ, ಆಮೇಲೆ ಬಿಡಲ್ಲ."

ಆ ಬೆಳಗ್ಗೆ ಆಕೆಯನ್ನು ಕಟ್ಟಿಹಾಕಿದ್ದು ಈ ಮಾತೇ. ನಡುವೆ ಬೆಂಕಿ ಆರಿಸಿದರೆ ಹಂಡೆ ತಣಿದು, ಬಿಂದಿಗೆಯ ಎಣ್ಣೆಯನ್ನೇ ವಾಪಸು ಎಳೆದುಕೊಳ್ಳುತ್ತದೆ. ಬೇಗ ಮುಗಿಸೋಣವೆಂದು ಉರಿ ಏರಿಸಿದರೆ ದವನ ಸೀಯುತ್ತದೆ. ಬಿಂದಿಗೆಯಲ್ಲಿದ್ದದ್ದು ಜ್ವರ ಹಿಡಿದು ಮಲಗುವ ಮುನ್ನ ಗಂಗುಲಪ್ಪ ತನ್ನ ಕೈಯಾರೆ ಶುರುಮಾಡಿದ್ದ ಎಣ್ಣೆ. ಆಕೆ ಅಳುತ್ತಲೇ ಒಂದೊಂದೇ ಸೌದೆ ಇಟ್ಟಳು. ಹಂಡೆ ತಾನಾಗಿ ಮುಗಿಸುವವರೆಗೆ ಏಳಲಿಲ್ಲ.

ಗಂಗುಲಪ್ಪನ ಊರು ಸೇರುವಷ್ಟರಲ್ಲಿ ಮಣ್ಣು ಮಾಡಿ ಬಂದವರು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ಅಣ್ಣನ ಮುಖ ಆಕೆಗೆ ಸಿಕ್ಕಲಿಲ್ಲ. ಒಳಗೆ ಕಾಲಿಟ್ಟೊಡನೆ ಯಾರೋ ಹೆಂಗಸು ಮೂಗು ಮುರಿದಳು: "ನೋಡ್ರೇ, ಸಾವಿನ ಮನೆಗೆ ಅತ್ತರು ಬಳ್ಕೊಂಡು ಬಂದವ್ಳೆ! ಅದೂ ಈ ಹೊತ್ತಿಗೆ!"

ಮುನಿಶಾಮಮ್ಮ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಮೂಲೆಯಲ್ಲಿ ಕೂತಿದ್ದ ಗಂಗುಲಪ್ಪನ ಹೆಂಡತಿ ಅಕ್ಕಯ್ಯಮ್ಮ ಎದ್ದು ಬಂದು ಆ ಕೈಗಳನ್ನು ಎಳೆದು ತನ್ನ ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಸುಮ್ನಿರ್ರೇ. ಬಳ್ಕೊಂಡಿದ್ದಲ್ಲ ಇದು. ನಮ್ಮನೆಯೋರು ದಿನಾ ಸಾಯಂಕಾಲ ಹಿಂಗೇ ಬರ್ತಿದ್ದಿದ್ದು." ಆಮೇಲೆ ಮೆಲ್ಲಗೆ ಕೇಳಿದಳು, "ಎಣ್ಣೆ ಕೆಡ್ಲಿಲ್ಲ ತಾನೇ?"

"ಇಲ್ಲಕ್ಕ."

"ಬಿಟ್ಟು ಬಂದಿದ್ರೆ ಎದ್ದು ಕೂತು ಬೈತಿದ್ರು ಕಣಮ್ಮ."

ಆ ಎಣ್ಣೆ ಈಗ ಬಾಟಲಿಗಿಳಿದು ಎಲ್ಲಿಗೋ ಹೋಗಿದೆ. ಆಕೆಗೆ ಒಂದೇ ಆಸೆ. "ಯಾವತ್ತಾದ್ರೂ ಹಿಂದೂಪುರದ ರೈಲಲ್ಲೋ ಬಸ್ಸಲ್ಲೋ ಪಕ್ಕದಲ್ಲಿ ಕೂತೋರ ಮೈಯಿಂದ ಆ ವಾಸನೆ ಬರ್ಬೇಕು. ಅವ್ರಿಗೆ ಗೊತ್ತಾಗೋದು ಬೇಡ. ಇದು ನಮ್ಮಣ್ಣಂದು ಅಂತ ನಂಗೆ ಗೊತ್ತಾದ್ರೆ ಸಾಕು."

ಒಲೆಗೆ ಕಡ್ಡಿ ಗೀರುವ ಮುನ್ನ ಆಕೆ ದಿನವೂ ಕಣ್ಣುಮುಚ್ಚಿ ಕೈಮುಗಿಯುತ್ತಾಳೆ: "ಭಗವಂತಾ, ನಮ್ಮಣ್ಣನ್ನ ಹೊಗೆ ಇಲ್ಲದಿರೋ ತಾವ ಕೂರ್ಸಪ್ಪ. ನೆಮ್ಮದಿ ಕೊಡಪ್ಪ."